ಕಾಯಕಜೀವಿ ವಾಲ್ಟರ್ ಕ್ರೈಸ್ಲರ್

ವಿದ್ಯೆಯನ್ನು ಕಿವಿಯಿಂದ ಕೇಳಿ ಕಲಿಯುವವರುಂಟು, ಕಣ್ಣಿನಿಂದ ಓದಿ ಕಲಿಯುವವರುಂಟು, ಕೈಯಿಂದ ಮಾಡಿ ಕಲಿಯುವವರೂ ಉಂಟು. ಮೊದಲಿನ ಇಬ್ಬರಿಗೆ ಲೋಕವು ಎಂದಿನಿಂದಲೂ ಮಣೆ ಹಾಕಿದೆ. ಮೂರನೆಯವನನ್ನು ಮಾತ್ರ ಬಹುಕಾಲ ಹೊಸ್ತಿಲಿನ ಆಚೆಗೇ ನಿಲ್ಲಿಸಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರು ಆ ಹೊಸ್ತಿಲನ್ನೇ ಕಿತ್ತುಹಾಕಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದವರು ತಮ್ಮ ಕಸುಬನ್ನು ಹೆಸರಿನ ಮುಂದಿಟ್ಟುಕೊಂಡೇ ಶರಣಸಮೂಹದಲ್ಲಿ ಪೂಜ್ಯರಾದರು. ಕೈಗೆ ಮಸಿ ಮೆತ್ತಿದವನೂ ಜ್ಞಾನಿಯಾಗಬಲ್ಲನೆಂಬ ಆ ತತ್ತ್ವಕ್ಕೆ, ಶರಣರ ಹೆಸರನ್ನೇ ಅರಿಯದ ದೂರದ ಅಮೆರಿಕ ಖಂಡದ ಒಬ್ಬ ಕಮ್ಮಟಗಾರನ ಬಾಳು ಸಾಕ್ಷಿಯಾಗಿ ನಿಂತಿರುವುದು ವಿಸ್ಮಯಕರವಾದ ಸಂಗತಿ. ಆತನೇ ವಾಲ್ಟರ್ ಪರ್ಸಿ ಕ್ರೈಸ್ಲರ್. ತಾನು ಸಾಲ ಮಾಡಿ ಕೊಂಡ ಮೋಟಾರು ಗಾಡಿಯನ್ನು ಓಡಿಸುವ ಮೊದಲೇ ಮನೆಯ ಹಿಂದಣ ಕೊಟ್ಟಿಗೆಯಲ್ಲಿ ಕಳಚಿ, ಮರಳಿ ಜೋಡಿಸಿ, ಆ ಮೂಲಕ ಒಂದು ಮಹೋದ್ಯಮದ ಒಡೆಯನಾದವನು ಇವನು.

ಕ್ರೈಸ್ಲರನು 1875ನೆಯ ಇಸವಿ ಏಪ್ರಿಲ್ 2ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಕಾನ್ಸಾಸ್ ಪ್ರಾಂತದ ವಾಮಿಗೊ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆ ಹೆನ್ರಿ ಉಗಿಬಂಡಿಯ ಚಾಲಕ. ತಾಯಿ ಆನಾ ಮರಿಯಾ ಶಿಸ್ತಿಗೂ ದುಡಿಮೆಗೂ ಹೆಸರಾದ ಗೃಹಿಣಿ. ಮಗು ಇನ್ನೂ ಚಿಕ್ಕದಾಗಿರುವಾಗಲೇ ಸಂಸಾರವು ಎಲ್ಲಿಸ್ ಎಂಬ ಊರಿಗೆ ಬಂದು ನೆಲಸಿತು. ಎತ್ತ ನೋಡಿದರೂ ಬಯಲು, ಬಯಲಿನ ನಡುವೆ ರೈಲುದಾರಿ, ದಾರಿಯ ಪಕ್ಕದಲ್ಲಿ ರೈಲ್ವೆ ಕಾರ್ಯಾಗಾರ: ಇಷ್ಟೇ ಆ ಊರಿನ ಸಂಪತ್ತು. ಬಾಲಕನು ತಾಯಿ ಕರೆದುಕೊಟ್ಟ ಹಾಲನ್ನು ಮನೆ ಮನೆಗೆ ಹಾಕಿ ಬರುತ್ತಿದ್ದನು. ದಿನಸಿ ಅಂಗಡಿಯಲ್ಲಿ ದುಡಿದನು. ಆದರೆ ಅವನ ಮನಸ್ಸು ಸದಾ ತಂದೆಯ ಉಗಿಬಂಡಿಯ ಸುತ್ತಲೇ ಸುಳಿದಾಡುತ್ತಿತ್ತು. ಉರಿಯುವ ಕಲ್ಲಿದ್ದಲು, ಕುದಿಯುವ ನೀರು, ಇವೆರಡರಿಂದ ಇಷ್ಟು ದೊಡ್ಡ ಗಾಡಿ ಓಡುವುದೆಂತು ಎಂಬ ಪ್ರಶ್ನೆ ಅವನನ್ನು ಬಿಡದೆ ಕಾಡಿತು.

ಮಗನು ಕಾಲೇಜಿಗೆ ಹೋಗಿ ಓದಬೇಕೆಂಬುದು ತಂದೆಯ ಆಸೆ. ಕಾರ್ಯಾಗಾರವನ್ನು ಸೇರಬೇಕೆಂಬುದು ಮಗನ ಹಟ. ತಂದೆಯ ಒಪ್ಪಿಗೆ ದೊರೆಯದಿರಲು ಮಗನು ಅದೇ ಕಾರ್ಯಾಗಾರದಲ್ಲಿ ಕಸ ಗುಡಿಸುವ ಕೆಲಸಕ್ಕೆ ನಿಂತನು. ಗಂಟೆಗೆ 10 ಸೆಂಟು ಕೂಲಿ. ನೆಲ ಗುಡಿಸಿ, ಎಣ್ಣೆಯ ಕೊಳೆ ತೊಳೆದು ಅವನು ತೋರಿದ ನಿಷ್ಠೆಯನ್ನು ಕಂಡು ಕೊನೆಗೆ ತಂದೆಯ ಮನಸ್ಸು ಕರಗಿತು. ಕ್ರೈಸ್ಲರನು ಯಂತ್ರಕುಶಲಿಯ ಶಿಷ್ಯವೃತ್ತಿಗೆ ಸೇರಿದನು. ಅಲ್ಲಿ ಕೂಲಿ ಗಂಟೆಗೆ 5 ಸೆಂಟು ಮಾತ್ರ. ಕಸ ಗುಡಿಸುವುದರಲ್ಲಿ ಸಿಗುತ್ತಿದ್ದುದರ ಅರ್ಧ! ಹೆಚ್ಚು ಕಲಿಯಲೆಂದು ಕಡಮೆ ಸಂಬಳಕ್ಕೆ ಒಪ್ಪಿದ್ದು ಅವನ ಬಾಳಿನಲ್ಲಿ ಇದೇ ಮೊದಲು, ಇದೇ ಕಡೆಯದಲ್ಲ.

ಆ ದಿನಗಳಲ್ಲಿ ಒಳ್ಳೆಯ ಹತ್ಯಾರುಗಳನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಇದ್ದರೂ ಪರರು ಮಾಡಿದ ಹತ್ಯಾರು ಅವನಿಗೆ ಒಗ್ಗುತ್ತಿರಲಿಲ್ಲ. ಉಕ್ಕಿನ ತುಂಡುಗಳನ್ನು ಕಾಸಿ, ಬಡಿದು, ಅರದಿಂದ ಉಜ್ಜಿ, ಅಳತೆಯ ಕೈವಾರ ಮೊದಲಾದ ಉಪಕರಣಗಳನ್ನು ತಾನೇ ಮಾಡಿಕೊಂಡನು. ಅವುಗಳನ್ನಿಡಲು ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿದನು. 28 ಅಂಗುಲ ಉದ್ದದ ಪುಟ್ಟ ಉಗಿಬಂಡಿಯೊಂದನ್ನು ರಚಿಸಿ, ಮನೆಯ ಅಂಗಳದಲ್ಲಿ ಕಂಬಿ ಹಾಕಿ ಓಡಿಸಿದನು. ರಾತ್ರಿಯ ಹೊತ್ತು ವಿಜ್ಞಾನಪತ್ರಿಕೆಗಳನ್ನು ಓದಿದನು. ಅಂಚೆಯ ಮೂಲಕ ಪಾಠ ಕಳುಹಿಸುತ್ತಿದ್ದ ಶಿಕ್ಷಣಸಂಸ್ಥೆಗೆ ಹಣ ತೆತ್ತು ಯಂತ್ರಶಾಸ್ತ್ರದ ಪಾಠಗಳನ್ನು ತರಿಸಿಕೊಂಡನು. ಹೀಗೆ ಕಾಲೇಜಿಗೆ ಹೋಗಲೊಲ್ಲದವನು ಓದನ್ನು ಮಾತ್ರ ಬಿಡಲಿಲ್ಲವೆಂಬುದು ಗಮನಿಸತಕ್ಕ ಅಂಶ. ಕೈಕೆಲಸವು ಓದಿನ ವೈರಿಯೆಂದು ಅವನು ಎಂದೂ ಬಗೆಯಲಿಲ್ಲ.

ಶಿಷ್ಯವೃತ್ತಿ ಮುಗಿದ ಬಳಿಕ ಕ್ರೈಸ್ಲರನು ಹತ್ಯಾರುಪೆಟ್ಟಿಗೆಯನ್ನು ಹೊತ್ತು ಊರೂರು ತಿರುಗಿದನು. ಡೆನ್ವರ್, ಚೆಯೆನ್, ಸಾಲ್ಟ್ ಲೇಕ್ ಸಿಟಿ ಮುಂತಾದ ಕಡೆಗಳ ರೈಲ್ವೆ ಕಮ್ಮಟಗಳಲ್ಲಿ ದುಡಿದನು. 1901ರಲ್ಲಿ ಎಲ್ಲಿಸ್‌ಗೆ ಮರಳಿ, ಬಾಲ್ಯದಿಂದ ಬಲ್ಲ ಡೆಲ್ಲಾ ಫೋರ್ಕರ್ ಎಂಬ ಕನ್ಯೆಯನ್ನು ವರಿಸಿದನು. ದಿನಗೂಲಿಯವನಾಗಿದ್ದವನು ಮೇಸ್ತ್ರಿಯಾದನು, ಮೇಸ್ತ್ರಿಯಾಗಿದ್ದವನು ಕಾರ್ಯಾಗಾರದ ಮುಖ್ಯಸ್ಥನಾದನು. ಕೊಲೊರಾಡೊ, ಟೆಕ್ಸಾಸ್ ಪ್ರಾಂತಗಳನ್ನು ದಾಟಿ ಅಯೋವಾ ಪ್ರಾಂತದ ಓಲ್ವೈನ್ ಎಂಬಲ್ಲಿಗೆ ಬಂದು, ಮೂವತ್ಮೂರನೆಯ ವಯಸ್ಸಿನ ಸುಮಾರಿಗೆ ಷಿಕಾಗೊ ಗ್ರೇಟ್ ವೆಸ್ಟರ್ನ್ ರೈಲ್ವೆಯ ಚಾಲನಶಕ್ತಿ ವಿಭಾಗಕ್ಕೆ ಅಧಿಕಾರಿಯಾದನು. ಆ ಹುದ್ದೆಯನ್ನು ಅಷ್ಟು ಕಿರಿಯ ವಯಸ್ಸಿನಲ್ಲಿ ಪಡೆದವರು ವಿರಳ. ಮನೆಯಿತ್ತು, ಮಡದಿ ಮಕ್ಕಳಿದ್ದರು, ಕೈಯಲ್ಲಿ 700 ಡಾಲರುಗಳ ಉಳಿತಾಯವಿತ್ತು. ಸಾಮಾನ್ಯನಾದವನು ಇಲ್ಲಿಗೆ ಕೃತಾರ್ಥನಾದೆನೆಂದು ಕಾಲು ಚಾಚಿ ಕುಳಿತಿರುತ್ತಿದ್ದನು.

1908ರಲ್ಲಿ ಷಿಕಾಗೊ ನಗರದ ಮೋಟಾರು ಪ್ರದರ್ಶನವನ್ನು ನೋಡಲು ಕ್ರೈಸ್ಲರನು ಹೋದನು. ಅಲ್ಲಿ ಲೋಕೊಮೊಬೈಲ್ ಎಂಬ ಹೆಸರಿನ ಗಾಡಿಯೊಂದು ಅವನ ಕಣ್ಣನ್ನು ಸೆರೆಹಿಡಿಯಿತು. ದಂತದ ಬಿಳುಪಿನ ಮೈ, ಕೆಂಪು ಆಸನಗಳು. ಬೆಲೆ 5,000 ಡಾಲರು. ಅದು ಅವನ ವರ್ಷದ ಸಂಬಳವನ್ನೂ ಮೀರಿದ ಮೊತ್ತ. ದಿನವೂ ಹೋಗಿ ಆ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿ ಬಂದನು. ಕಡೆಗೆ ಪರಿಚಿತ ಬ್ಯಾಂಕಿನ ಅಧಿಕಾರಿಯನ್ನು ಕಂಡು, ಮಿತ್ರನೊಬ್ಬನ ಜಾಮೀನಿನ ಮೇಲೆ 4,300 ಡಾಲರು ಸಾಲ ಪಡೆದು, ತನ್ನ 700 ಡಾಲರುಗಳನ್ನು ಅದಕ್ಕೆ ಸೇರಿಸಿ ಗಾಡಿಯನ್ನು ಕೊಂಡನು. ಮನೆಯಲ್ಲಿ ಕೂಡಿಟ್ಟದ್ದೆಲ್ಲವೂ ಹೋಯಿತು. ಮೇಲೆ ಸಾಲದ ಹೊರೆ ಬಿತ್ತು. ಇದು ವಿವೇಕವೆ, ಅವಿವೇಕವೆ ಎಂದು ಕೇಳಿದರೆ ಅಂದಿನ ದಿನ ಅವಿವೇಕವೆಂದೇ ಹೇಳಬೇಕಾಗಿತ್ತು. ಷೋಕಿಗಾಗಿ ಸಾಲ ಮಾಡಿದವನು ಕೆಡುತ್ತಾನೆ. ಕ್ರೈಸ್ಲರನು ಕೆಡದೆ ಉಳಿದುದಕ್ಕೆ ಕಾರಣ, ಅವನು ಕೊಂಡದ್ದು ಸವಾರಿಗಾಗಿ ಅಲ್ಲ, ಅರಿವಿಗಾಗಿ ಎಂಬುದೇ.

ಗಾಡಿಯು ರೈಲಿನಲ್ಲಿ ಓಲ್ವೈನ್‌ಗೆ ಬಂದಿತು. ಅದನ್ನು ಓಡಿಸಲು ಕ್ರೈಸ್ಲರನಿಗೆ ಬರುತ್ತಿರಲಿಲ್ಲವಾಗಿ, ಕುದುರೆಗಳನ್ನು ಕಟ್ಟಿ ಎಳೆಸಿಕೊಂಡು ಮನೆಗೆ ತಂದನು. ಕೊಟ್ಟಿಗೆಯೊಳಗೆ ನಿಲ್ಲಿಸಿ ಬಾಗಿಲು ಹಾಕಿದನು. ನೆರೆಯವರು ಇಂದು ಹೊರಟೀತು, ನಾಳೆ ಹೊರಟೀತು ಎಂದು ಕಾದರು. ಮಡದಿ ಡೆಲ್ಲಾಳೂ ಕಾದಳು. ವಾರಗಳು ಉರುಳಿದವು, ತಿಂಗಳುಗಳು ಕಳೆದವು. ಗಾಡಿ ಹೊರಗೆ ಬರಲಿಲ್ಲ. ಸಂಜೆ ಕೆಲಸದಿಂದ ಬಂದ ಕ್ರೈಸ್ಲರನು ಕೊಟ್ಟಿಗೆ ಹೊಕ್ಕರೆ ರಾತ್ರಿ ಬಹಳ ಹೊತ್ತಿನ ತನಕ ಹೊರಬರುತ್ತಿರಲಿಲ್ಲ. ಒಳಗೆ ಅವನು ಆ ಹೊಸ ಗಾಡಿಯನ್ನು ಬಿಚ್ಚಿ, ಭಾಗಗಳನ್ನು ಹರಡಿ, ಒಂದೊಂದರ ಚಿತ್ರವನ್ನೂ ಕಾಗದದ ಮೇಲೆ ಗೀರಿಕೊಳ್ಳುತ್ತಿದ್ದನು.

ಉಗಿಯಂತ್ರದ ಮರ್ಮವನ್ನೆಲ್ಲ ಅರಿತಿದ್ದ ಆತನಿಗೆ ಈ ಹೊಸ ಯಂತ್ರದಲ್ಲಿ ಕಲಿಯುವಂಥದೇನಿತ್ತು? ಬಹಳವಿತ್ತು. ಉಗಿಬಂಡಿಯಲ್ಲಿ ಬೆಂಕಿಯು ಸಿಲಿಂಡರಿನ ಹೊರಗೆ ಉರಿಯುತ್ತದೆ. ಅಲ್ಲಿ ಹುಟ್ಟಿದ ಉಗಿ ಮಾತ್ರ ಒಳಗೆ ಬಂದು ಪಿಸ್ಟನ್ನನ್ನು ನೂಕುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಾದರೋ ಬೆಂಕಿಯು ಸಿಲಿಂಡರಿನ ಒಡಲೊಳಗೇ ಹುಟ್ಟಬೇಕು. ಪಿಸ್ಟನ್ನು ಒಮ್ಮೆ ಕೆಳಗಿಳಿದು ಇಂಧನ ಬೆರೆತ ಗಾಳಿಯನ್ನು ಸೆಳೆದುಕೊಳ್ಳುವುದು, ಮೇಲೇರಿ ಅದನ್ನು ಅಮುಕುವುದು, ಕಿಡಿ ತಗಲಿ ಸಿಡಿದಾಗ ಕೆಳಕ್ಕೆ ನೂಕಲ್ಪಡುವುದು, ಮತ್ತೆ ಮೇಲೇರಿ ಹೊಗೆಯನ್ನು ಹೊರಹಾಕುವುದು. ಈ ನಾಲ್ಕು ನಡೆಗಳಲ್ಲಿ ಬಲವನ್ನೀಯುವುದು ಒಂದೇ. ಉಳಿದ ಮೂರೂ ಅದಕ್ಕೆ ಊಳಿಗ ಮಾಡುವಂಥವು. ವಾಲ್ವುಗಳು ತೆರೆಯುವ ಕ್ಷಣವೂ ಕಿಡಿ ಹಾರುವ ಕ್ಷಣವೂ ಕೂದಲೆಳೆಯಷ್ಟು ತಪ್ಪಿದರೆ ಎಂಜಿನ್ನು ಕೆಮ್ಮಿ ನಿಂತುಬಿಡುತ್ತದೆ.

ಇಂಥ ಯಂತ್ರವನ್ನು ಕಳಚುವುದು ಬಲದ ಕೆಲಸವೆಂದು ನೋಡುವವರಿಗೆ ತೋರೀತು. ವಸ್ತುತಃ ಅದು ನೆನಪಿನ ಕೆಲಸ, ತಾಳ್ಮೆಯ ಕೆಲಸ. ಮೊದಲು ನೀರನ್ನೂ ಎಣ್ಣೆಯನ್ನೂ ಬಸಿಯಬೇಕು. ಪೆಟ್ರೋಲಿನ ಕೊಳವೆಯನ್ನು ಮುಚ್ಚಿ ಬಿಡಿಸಬೇಕು. ತಂತಿಗಳನ್ನು ಗುರುತು ಕಟ್ಟಿ ಸರಿಸಬೇಕು. ಎಂಜಿನ್ನಿನ ಭಾರವನ್ನು ಸರಪಳಿಯು ಹೊತ್ತ ಮೇಲೆಯೇ ಚೌಕಟ್ಟಿನ ಕಡೆಯ ಬೋಲ್ಟುಗಳನ್ನು ಬಿಚ್ಚಬೇಕು; ಮೊದಲೇ ಬಿಚ್ಚಿದರೆ ಅನಾಹುತ. ಬಿಚ್ಚಿದ ಪ್ರತಿಯೊಂದು ಬೋಲ್ಟೂ ತನ್ನ ತೂತಿಗೇ ಮರಳಬೇಕು. ಒಂದು ಪಿಸ್ಟನ್ನಿನ ದಂಡಕ್ಕೆ ಸೇರಿದ ಮುಚ್ಚಳವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಅದರದನ್ನೇ ಹಾಕಿದರೂ ಹಿಂದುಮುಂದಾಗಿ ಹಾಕುವಂತಿಲ್ಲ. ವಾಲ್ವುಗಳನ್ನು ನಡೆಸುವ ಹಲ್ಲುಚಕ್ರಗಳು ಕಳಚುವಾಗ ಯಾವ ಹಲ್ಲಿಗೆ ಯಾವ ಹಲ್ಲು ಕೂಡಿತ್ತೋ ಜೋಡಿಸುವಾಗಲೂ ಅಂತೆಯೇ ಕೂಡಬೇಕು; ಒಂದು ಹಲ್ಲು ಸರಿದರೆ ದುಡಿಮೆಯೆಲ್ಲ ನೀರಪಾಲು. ಸಿಲಿಂಡರನ್ನು ಮರಳಿ ಇಳಿಸುವಾಗ ಪಿಸ್ಟನ್ನಿನ ಉಂಗುರಗಳನ್ನು ಹಗುರಾಗಿ ಅದುಮಿ ಹಿಡಿಯದಿದ್ದರೆ ಅವು ಮುರಿಯುತ್ತವೆ. ಕೊನೆಯಲ್ಲಿ ನೆಲದ ಮೇಲೆ ಒಂದೇ ಒಂದು ನಟ್ಟು ಮಿಕ್ಕಿದ್ದರೂ ಬಿಚ್ಚಿದವನಿಗೆ ನಿದ್ರೆ ಬಾರದು. ಕಳಚುವುದು ಯಾರಿಗಾದರೂ ಸಾಧ್ಯ. ಕಳಚಿದ್ದನ್ನು ಇದ್ದಂತೆಯೇ ನಿಲ್ಲಿಸುವವನೇ ಬಲ್ಲವನು.

ಕ್ರೈಸ್ಲರನು ಇದನ್ನು ಒಂದು ಸಲವಲ್ಲ, ಹಲವು ಸಲ ಮಾಡಿದನು. ಬಿಚ್ಚಿದನು, ಜೋಡಿಸಿದನು, ಮತ್ತೆ ಬಿಚ್ಚಿದನು, ಮತ್ತೆ ಜೋಡಿಸಿದನು. ಪಂಡಿತರು ಸೂತ್ರವೊಂದನ್ನು ಪದಚ್ಛೇದ ಮಾಡಿ, ಅನ್ವಯಿಸಿ, ತಾತ್ಪರ್ಯವನ್ನು ಕಂಡುಕೊಳ್ಳುವಂತೆಯೇ ಅವನು ಆ ಎಂಜಿನ್ನನ್ನು ಅಭ್ಯಾಸ ಮಾಡಿದನು. ಯಾವ ಭಾಗ ಯಾವುದಕ್ಕಾಗಿ ಇದೆ, ಯಾವುದನ್ನು ಇನ್ನೂ ಹಗುರ ಮಾಡಬಹುದಾಗಿತ್ತು, ಯಾವುದು ಬೇಗ ಸವೆದೀತು ಎಂಬುದೆಲ್ಲವೂ ಕೈಗೆ ತಿಳಿಯಿತು. ಮೂರು ತಿಂಗಳು ಹೀಗೆ ಸಂದ ಬಳಿಕ ಒಂದು ದಿನ ಕೊಟ್ಟಿಗೆಯ ಬಾಗಿಲು ತೆರೆಯಿತು. ನೆರೆಹೊರೆಯವರೆಲ್ಲ ನೆರೆದರು. ಎಂಜಿನ್ನು ಗುಡುಗಿತು, ಗಾಡಿ ಮುನ್ನುಗ್ಗಿತು, ಹಳ್ಳವನ್ನು ಹಾರಿ ನೆರೆಯವರ ತೋಟದ ಕೆಸರಿನಲ್ಲಿ ಹೂತು ನಿಂತಿತು! ಕುದುರೆಗಳನ್ನು ಕಟ್ಟಿಯೇ ಅದನ್ನು ಮತ್ತೆ ಎಳೆಸಬೇಕಾಯಿತು. ಎಂಜಿನ್ನಿನ ಎಳೆ ಎಳೆಯನ್ನೂ ಬಲ್ಲವನಿಗೆ ಚಕ್ರ ತಿರುಗಿಸುವ ವಿದ್ಯೆ ಬಂದಿರಲಿಲ್ಲ. ನೆರೆದವರು ನಕ್ಕರು. ಕ್ರೈಸ್ಲರನು ಕುಗ್ಗಲಿಲ್ಲ, ಅದೇ ದಿನ ಮತ್ತೆ ಗಾಡಿಯೇರಿ ಬೆವರಿಳಿಯುವವರೆಗೆ ಓಡಿಸಿ ಕಲಿತನು. ಒಂದು ವಿದ್ಯೆಯಲ್ಲಿ ಗುರುವಾದವನು ಮತ್ತೊಂದರಲ್ಲಿ ಶಿಶುವಾಗಿ ಕುಳಿತುಕೊಳ್ಳಲು ನಾಚಬಾರದೆಂಬುದನ್ನು ಆ ಸಂಜೆ ಓಲ್ವೈನ್ ಊರು ಕಂಡಿತು.

ಮುಂದೆ ಅವನು ರೈಲ್ವೆಯ ಕೆಲಸವನ್ನು ತೊರೆದು ಪಿಟ್ಸ್‌ಬರ್ಗ್ ನಗರದಲ್ಲಿ ಉಗಿಬಂಡಿಗಳನ್ನು ತಯಾರಿಸುವ ಅಮೆರಿಕನ್ ಲೋಕೊಮೋಟಿವ್ ಕಂಪನಿಯ ಕಾರ್ಖಾನೆಯನ್ನು ಸೇರಿದನು. ನಷ್ಟದಲ್ಲಿದ್ದ ಆ ಕಾರ್ಖಾನೆಯನ್ನು ಲಾಭಕ್ಕೆ ತಂದನು. ಆಗ ಫ್ಲಿಂಟ್ ನಗರದ ಬ್ಯೂಕ್ ಮೋಟಾರು ಕಂಪನಿಯಿಂದ ಕರೆ ಬಂದಿತು. ಅವನಿಗೆ ಇದ್ದಲ್ಲಿಯೇ ವರ್ಷಕ್ಕೆ 12,000 ಡಾಲರು ಕೊಡಲು ಒಡೆಯರು ಸಿದ್ಧರಿದ್ದರು; ಬ್ಯೂಕ್ ಕಂಪನಿಯು ಕೊಡಬಲ್ಲುದು 6,000 ಮಾತ್ರ. ಕ್ರೈಸ್ಲರನು 6,000ವನ್ನೇ ಆರಿಸಿಕೊಂಡನು. ಹದಿಹರೆಯದಲ್ಲಿ 10 ಸೆಂಟನ್ನು ಬಿಟ್ಟು 5 ಸೆಂಟಿಗೆ ಒಪ್ಪಿದವನೇ ಇವನು. ಕೊಟ್ಟಿಗೆಯಲ್ಲಿ ಕಂಡ ಕನಸನ್ನು ಸಂಬಳಕ್ಕೆ ಮಾರಲು ಅವನು ಸಿದ್ಧನಿರಲಿಲ್ಲ. 1912ರಲ್ಲಿ ಅಲ್ಲಿಯ ಕಾರ್ಯಾಧ್ಯಕ್ಷನಾದಾಗ ದಿನಕ್ಕೆ 45 ಗಾಡಿಗಳು ಹೊರಬೀಳುತ್ತಿದ್ದವು. ಕುದುರೆಗಾಡಿಗಳನ್ನು ಮಾಡುತ್ತಿದ್ದ ಕಾಲದ ಮಂದಗತಿಯ ರೂಢಿಗಳನ್ನು ಒಂದೊಂದಾಗಿ ಬಿಡಿಸಿ, ಕೆಲಸದ ಕ್ರಮವನ್ನೇ ಹೊಸದಾಗಿ ಜೋಡಿಸಿ, ದಿನಕ್ಕೆ 200 ಗಾಡಿಗಳು ಬರುವಂತೆ ಮಾಡಿದನು. ಬಿಚ್ಚಿ ಜೋಡಿಸುವ ವಿದ್ಯೆಯು ಯಂತ್ರದಿಂದ ಕಾರ್ಖಾನೆಗೆ ಹಬ್ಬಿತು. 1916ರಲ್ಲಿ ಅವನು ಬ್ಯೂಕ್ ಕಂಪನಿಯ ಅಧ್ಯಕ್ಷನಾದನು. ಸಂಭಾವನೆ ವರ್ಷಕ್ಕೆ 5 ಲಕ್ಷ ಡಾಲರುಗಳಿಗೇರಿತು.

ಮೇಲಿನವರೊಡನೆ ಅಭಿಪ್ರಾಯಭೇದ ಬಂದು ಅಲ್ಲಿಂದ ಹೊರಬಂದ ಮೇಲೆ, ಸಾಲದಲ್ಲಿ ಮುಳುಗಿದ್ದ ವಿಲಿಸ್-ಓವರ್‌ಲ್ಯಾಂಡ್, ಮ್ಯಾಕ್ಸ್‌ವೆಲ್ ಕಂಪನಿಗಳನ್ನು ಎತ್ತಿ ನಿಲ್ಲಿಸುವ ಹೊಣೆ ಅವನಿಗೆ ಬಂದಿತು. ಇಲ್ಲಿಯೇ ಫ್ರೆಡ್ ಜೀಡರ್, ಓವೆನ್ ಸ್ಕೆಲ್ಟನ್, ಕಾರ್ಲ್ ಬ್ರೀರ್ ಎಂಬ ಮೂವರು ಎಂಜಿನಿಯರುಗಳ ಸಹಾಯದಿಂದ ತನ್ನದೇ ಹೆಸರಿನ ಗಾಡಿಯನ್ನು ಸಿದ್ಧಪಡಿಸಿದನು. ಹೆಚ್ಚಿನ ಒತ್ತಡದಲ್ಲಿ ಇಂಧನವನ್ನು ಅಮುಕಿ ಉರಿಸುವ ಆರು ಸಿಲಿಂಡರುಗಳ ಎಂಜಿನ್ನು, ದ್ರವದ ಒತ್ತಡದಿಂದ ನಾಲ್ಕು ಗಾಲಿಗಳನ್ನೂ ಹಿಡಿಯುವ ಬ್ರೇಕು, ಇವು ಅದರ ವೈಶಿಷ್ಟ್ಯ. ಇನ್ನೂ ಮಾರಾಟಕ್ಕೆ ಬಂದಿರದ ಗಾಡಿಯೆಂಬ ಕಾರಣದಿಂದ 1924ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ಅದಕ್ಕೆ ಸ್ಥಳ ಸಿಗಲಿಲ್ಲ. ಕ್ರೈಸ್ಲರನು ವರ್ತಕರೆಲ್ಲ ಇಳಿದುಕೊಂಡಿದ್ದ ಕಮೊಡೋರ್ ಹೋಟೆಲಿನ ಮೊಗಸಾಲೆಯಲ್ಲಿಯೇ ಗಾಡಿಯನ್ನು ನಿಲ್ಲಿಸಿದನು. ಪ್ರದರ್ಶನಕ್ಕೆ ಬಂದವರೆಲ್ಲ ಅಲ್ಲಿಗೇ ನೆರೆದರು. ಮೊದಲ ವರ್ಷದಲ್ಲೇ ಸುಮಾರು 32,000 ಗಾಡಿಗಳು ಮಾರಾಟವಾದವು. 1925ರ ಜೂನ್ 6ರಂದು ಕ್ರೈಸ್ಲರ್ ಕಾರ್ಪೊರೇಷನ್ ಜನ್ಮ ತಳೆಯಿತು. 1928ರಲ್ಲಿ ಡಾಜ್ ಕಂಪನಿಯು 17 ಕೋಟಿ ಡಾಲರುಗಳ ವ್ಯವಹಾರದಲ್ಲಿ ಅದರೊಳಗೆ ಸೇರಿತು; ಅದೇ ವರ್ಷ ಪ್ಲಿಮತ್, ಡಿಸೋಟೊ ಗಾಡಿಗಳು ಹೊರಬಂದವು.

ಅವನ ವೈಭವದ ಶಿಖರವೆಂಬಂತೆ 1930ರಲ್ಲಿ ನ್ಯೂಯಾರ್ಕ್ ನಗರದಲ್ಲಿ 77 ಅಂತಸ್ತುಗಳ, 1,046 ಅಡಿ ಎತ್ತರದ ಕ್ರೈಸ್ಲರ್ ಸೌಧವು ತಲೆಯೆತ್ತಿತು. ಮರುವರ್ಷ ಎಂಪೈರ್ ಸ್ಟೇಟ್ ಸೌಧವು ಏಳುವ ತನಕ ಜಗತ್ತಿನ ಕಟ್ಟಡಗಳಲ್ಲಿ ಅದೇ ಅತ್ಯುನ್ನತ. ಅದರ ಮೇಲಣ ವೀಕ್ಷಣಾಲಯದಲ್ಲಿ ಕ್ರೈಸ್ಲರನು ಏನನ್ನಿರಿಸಿದನು? ಚಿನ್ನವನ್ನಲ್ಲ, ಚಿತ್ರಪಟವನ್ನಲ್ಲ. ಎಲ್ಲಿಸ್ ಊರಿನಲ್ಲಿ ಹದಿಹರೆಯದಲ್ಲಿ ತಾನೇ ಬಡಿದು ಮಾಡಿಕೊಂಡಿದ್ದ ಹತ್ಯಾರುಗಳ ಪೆಟ್ಟಿಗೆಯನ್ನು ಇರಿಸಿದನು. ಮುಗಿಲಿಗೆ ಮುಟ್ಟಿದ ಸೌಧದ ನೆತ್ತಿಯಲ್ಲಿ ಅದರ ನಿಜವಾದ ಅಡಿಪಾಯವು ಕುಳಿತಿತ್ತು.

ಗೆಲುವುಗಳನ್ನು ಮಾತ್ರ ಹೇಳಿ ಮುಗಿಸಿದರೆ ಚರಿತ್ರೆಯು ಅಪೂರ್ಣವಾದೀತು. ಗಾಳಿಯನ್ನು ಸೀಳಿ ಸಾಗುವಂತೆ ರೂಪಿಸಿ 1934ರಲ್ಲಿ ಹೊರತಂದ ಏರ್‌ಫ್ಲೋ ಗಾಡಿಯನ್ನು ಜನರು ಒಪ್ಪಲಿಲ್ಲ. ಕಂಪನಿಗೆ ಅದರಿಂದ ನಷ್ಟವಾಯಿತು. 1937ರ ಮಾರ್ಚ್ ತಿಂಗಳಲ್ಲಿ ಅವನ ಕಾರ್ಖಾನೆಗಳ ಕಾರ್ಮಿಕರು ಯಂತ್ರಗಳ ಪಕ್ಕದಲ್ಲಿಯೇ ಕುಳಿತು ಮುಷ್ಕರ ಹೂಡಿದರು. ಗಂಟೆಗೆ 5 ಸೆಂಟಿಗೆ ದುಡಿದವನು ಈಗ ದುಡಿಯುವವರ ಎದುರುಪಕ್ಷದಲ್ಲಿ ಕುಳಿತುಕೊಳ್ಳಬೇಕಾಗಿ ಬಂದದ್ದು ವಿಧಿವಿಲಾಸವೇ ಸರಿ. ಏಪ್ರಿಲ್‌ನಲ್ಲಿ ಒಪ್ಪಂದವಾಗಿ, ಕಾರ್ಮಿಕ ಸಂಘವು ತನ್ನ ಸದಸ್ಯರ ಪರವಾಗಿ ಮಾತನಾಡಬಹುದೆಂಬುದನ್ನು ಕಂಪನಿಯು ಅಂಗೀಕರಿಸಿತು. ಯಂತ್ರದ ಭಾಗಗಳನ್ನು ಗುರುತಿಟ್ಟು ಜೋಡಿಸಬಹುದು. ಮನುಷ್ಯರ ಮನಸ್ಸುಗಳನ್ನು ಕೂಡಿಸುವ ಕಾರ್ಯ ಅದಕ್ಕಿಂತ ಕಠಿನವೆಂಬುದನ್ನು ಆ ದಿನಗಳು ತೋರಿಸಿಕೊಟ್ಟವು. ಅದೇ ವರ್ಷ ಅವನ ಆತ್ಮಚರಿತ್ರೆ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ಅವನು ತನ್ನನ್ನು ಉದ್ಯಮಪತಿಯೆಂದು ಕರೆದುಕೊಳ್ಳಲಿಲ್ಲ. ಅಮೆರಿಕದ ಒಬ್ಬ ಕೆಲಸಗಾರನೆಂದೇ ಕರೆದುಕೊಂಡನು.

1938ರ ಮೇ ತಿಂಗಳಲ್ಲಿ ಅವನಿಗೆ ಪಾರ್ಶ್ವವಾಯು ತಗಲಿತು. ಆಗಸ್ಟಿನಲ್ಲಿ, ಸಾಲದ ಗಾಡಿಯು ಕೊಟ್ಟಿಗೆಯಿಂದ ಹೊರಬರುವುದನ್ನು ಮೂರು ತಿಂಗಳು ತಾಳ್ಮೆಯಿಂದ ಕಾದಿದ್ದ ಡೆಲ್ಲಾ ಕಾಲವಾದಳು. ಕ್ರೈಸ್ಲರನು ಮತ್ತೆ ಚೇತರಿಸಿಕೊಳ್ಳಲಿಲ್ಲ. 1940ರ ಆಗಸ್ಟ್ 18ರಂದು, ತನ್ನ ಅರವತ್ತೈದನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡ್‌ನ ಸ್ವಗೃಹದಲ್ಲಿ ಇಹಲೋಕವನ್ನು ತ್ಯಜಿಸಿದನು.

ಕನ್ನಡ ನಾಡಿಗೂ ಅವನ ಕಂಪನಿಗೂ ಒಂದು ತೆಳುವಾದ ಎಳೆಯ ಸಂಬಂಧವುಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲಿಯೇ ಮೋಟಾರು ಕಾರ್ಖಾನೆಯೊಂದು ಆಗಬೇಕೆಂದು ಯೋಜನೆ ಸಿದ್ಧಪಡಿಸಿ, ಯೂರೋಪ್ ಅಮೆರಿಕಗಳನ್ನು ಸುತ್ತಿ ಬಂದರು. ಮೈಸೂರು ಸಂಸ್ಥಾನವು ಅದಕ್ಕೆ ನೆರವೀಯಲು ಮುಂದಾಯಿತು. ಉದ್ಯಮಿ ವಾಲಚಂದ್ ಹೀರಾಚಂದರು ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆ ನಡೆಸಿದರು. ಆದರೆ ಬ್ರಿಟಿಷ್ ಸರ್ಕಾರದ ಒಲವು ದೊರೆಯದೆ ಕಾರ್ಖಾನೆ ಮೈಸೂರು ನಾಡಿಗೆ ಬರಲಿಲ್ಲ. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿತವಾಗಿ, ಸ್ವಾತಂತ್ರ್ಯ ಬಂದ 1947ರಲ್ಲಿ ಡಾಜ್, ಪ್ಲಿಮತ್ ಗಾಡಿಗಳ ಜೋಡಣೆ ಅಲ್ಲಿ ಆರಂಭವಾಯಿತು. ಮುಂದೆ ದಶಕಗಳ ಕಾಲ ಕನ್ನಡ ನಾಡಿನ ಹಳ್ಳಿದಾರಿಗಳಲ್ಲಿ ಡಾಜ್, ಫಾರ್ಗೊ ಲಾರಿಗಳು ಧಾನ್ಯ ಹೊತ್ತು ಓಡಿದವು. ಹುಣಿಸೆ ಮರದ ನೆರಳಿನಲ್ಲಿ ಅವುಗಳ ಎಂಜಿನ್ ಇಳಿಸಿ, ಗೋಣಿತಟ್ಟಿನ ಮೇಲೆ ಭಾಗಗಳನ್ನು ಹರಡಿ, ಸಂಜೆಯೊಳಗೆ ಮರಳಿ ಏರಿಸುತ್ತಿದ್ದ ಅನಾಮಿಕ ಕುಶಲಿಗಳೆಲ್ಲರೂ ಓಲ್ವೈನ್ ಕೊಟ್ಟಿಗೆಯ ಆ ವಿದ್ಯಾರ್ಥಿಯ ಸಹಪಾಠಿಗಳೇ.

ಧನವು ಕ್ರೈಸ್ಲರನಿಗೆ ಬಂದುದು ನಿಜ. ಆದರೆ ವಿದ್ಯಾರ್ಥಿಗಳು ಅವನಿಂದ ಪಡೆಯಬೇಕಾದುದು ಧನದ ಮಾರ್ಗವನ್ನಲ್ಲ. ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಳ್ಳುವ ದಿಟ್ಟತನ, ಅರಿವಿಗಾಗಿ ಅರ್ಧ ಕೂಲಿಗೆ ಇಳಿಯುವ ಧೈರ್ಯ, ಬಿಚ್ಚಿದ್ದನ್ನು ಜೋಡಿಸದೆ ಮಲಗದ ಹೊಣೆಗಾರಿಕೆ, ಮೇಲೇರಿದ ಮೇಲೂ ಹತ್ಯಾರುಪೆಟ್ಟಿಗೆಯನ್ನು ಮರೆಯದ ವಿನಯ ಇವೇ ಅವನು ಬಿಟ್ಟುಹೋದ ಆಸ್ತಿ. ಇವಿದ್ದಲ್ಲಿ ಕೊಟ್ಟಿಗೆಯೂ ಗುರುಕುಲವಾಗುತ್ತದೆ. ಮಾಡುವ ಕೆಲಸವು ಕಾಯಕವಾಗುತ್ತದೆ.